ಕುಡಿತ ಬಿಡಿಸುವ ಚಿಕಿತ್ಸೆ: ಬೆಂಗಳೂರಿನಲ್ಲಿ ಯಾರಿಗೆ ಯಾವ ದಾರಿ

ಮನೆಯಲ್ಲಿ ಒಬ್ಬರ ಕುಡಿತ ಕೈಮೀರಿದೆ ಎಂದು ಖಚಿತವಾದ ಮೇಲೆ ಕುಟುಂಬದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಎಷ್ಟು ಖರ್ಚಾಗುತ್ತದೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಬೆಂಗಳೂರಿನಲ್ಲಿರುವ ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಆಯ್ಕೆಯನ್ನು ನಿರ್ಧರಿಸಬೇಕಾದ ಸಂಗತಿಗಳು ಬೇರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕುಡಿತ ನಿಲ್ಲಿಸಿದ ಮೊದಲ ವಾರದಲ್ಲಿ ಆ ವ್ಯಕ್ತಿಯ ಜೀವಕ್ಕೆ ಅಪಾಯವಿದೆಯೇ ಎಂಬುದು ಮೊದಲನೆಯದು. ಆರನೆಯ ತಿಂಗಳಲ್ಲಿ ಅವರನ್ನು ಎದುರು ಕೂರಿಸಿಕೊಂಡು ವಿಚಾರಿಸುವವರು ಯಾರು ಎಂಬುದು ಎರಡನೆಯದು. ಇವೆರಡಕ್ಕೂ ಉತ್ತರ ಕೊಡಲಾರದ ಜಾಗ ಎಷ್ಟೇ ಹೆಸರುವಾಸಿಯಾಗಿದ್ದರೂ ಅಲ್ಲಿಗೆ ಸೇರಿಸಲು ಅವಸರ ಮಾಡಬೇಕಿಲ್ಲ.

ಮದ್ಯವ್ಯಸನವು ರಕ್ತದೊತ್ತಡ, ಮಧುಮೇಹಗಳಂತೆ ವರ್ಷಾನುಗಟ್ಟಲೆ ನೋಡಿಕೊಳ್ಳಬೇಕಾದ ಕಾಯಿಲೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿತ್ತು. ಉಳಿದವರ ಮನೆಗಳಲ್ಲಿ ಆಣೆ, ಜಗಳ, ಹರಕೆ ಮತ್ತು ಮೌನಗಳೇ ಚಿಕಿತ್ಸೆಯ ಜಾಗವನ್ನು ತುಂಬಿರುತ್ತವೆ.

ನಿಲ್ಲಿಸುವುದು ಎಷ್ಟು ಅಪಾಯಕರ?

ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಮದ್ಯಸಾರವಿರುತ್ತದೆ. 180 ಮಿಲಿಲೀಟರಿನ ಒಂದು ಕ್ವಾರ್ಟರಿನಲ್ಲಿ ಅದರ ತೂಕ ಸುಮಾರು 60 ಗ್ರಾಂ. 10 ಗ್ರಾಮಿಗೆ ಒಂದು ಎಂದು ವೈದ್ಯರು ಹಿಡಿಯುವ ಅಳತೆಯಲ್ಲಿ ಇದು ಆರು ಡ್ರಿಂಕ್‌ಗೆ ಸಮ. ‘ದಿನಕ್ಕೆ ಒಂದೇ ಕ್ವಾರ್ಟರ್’ ಎಂದು ಹೇಳುವವರೂ ಕೇಳುವವರೂ ಇದನ್ನು ಗಮನಿಸುವುದಿಲ್ಲ. ವರ್ಷಗಳಿಂದ ಪ್ರತಿದಿನ ಈ ಪ್ರಮಾಣದಲ್ಲಿ ಅಥವಾ ಇದಕ್ಕೂ ಹೆಚ್ಚು ಕುಡಿಯುತ್ತಿರುವ ದೇಹಕ್ಕೆ ಮದ್ಯ ಏಕಾಏಕಿ ನಿಂತಾಗ ಅದರ ನರಮಂಡಲ ಹತೋಟಿ ತಪ್ಪುತ್ತದೆ. ಕೊನೆಯ ಸಲ ಕುಡಿದ ಆರೆಂಟು ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ, ಎದೆಬಡಿತ ಶುರುವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಸನ್ನಿ ಹಿಡಿದು, ಹೊತ್ತುಗೊತ್ತಿನ ಅರಿವಿಲ್ಲದೆ, ಇಲ್ಲದ ಹುಳುಹುಪ್ಪಟೆಗಳನ್ನು ಕಂಡು ಕಿರುಚುವ ಸ್ಥಿತಿ ಬರಬಹುದು. ಈ ಸನ್ನಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು.

ಮನೆಯಲ್ಲೇ ಗುರುತಿಸಬಹುದಾದ ಒಂದು ಲಕ್ಷಣವನ್ನು ಇಲ್ಲಿ ಹೇಳಬೇಕು. ಬೆಳಿಗ್ಗೆ ಎದ್ದ ಕೂಡಲೇ ಅವರು ಕಾಫಿ ಲೋಟವನ್ನು ಹೇಗೆ ಹಿಡಿಯುತ್ತಾರೆ ಎಂಬುದನ್ನು ನೋಡಿ. ಲೋಟ ತುಟಿಗೆ ಮುಟ್ಟುವುದರೊಳಗೆ ಕಾಫಿ ತುಳುಕಿ ಬನಿಯನ್ನಿನ ಮೇಲೆ ಬೀಳುತ್ತಿದ್ದರೆ, ಅದಕ್ಕಾಗಿ ಅವರು ಎರಡೂ ಕೈಯಿಂದ ಲೋಟ ಹಿಡಿಯುತ್ತಿದ್ದರೆ, ಬೀದಿ ತುದಿಯ ಅಂಗಡಿಯಲ್ಲಿ ಒಂದು ನೈಂಟಿ ಹಾಕಿಕೊಂಡು ಬಂದ ಮೇಲೆ ಅದೇ ಕೈ ಸ್ಥಿರವಾಗಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರೆ, ದೇಹ ಮದ್ಯಕ್ಕೆ ಪೂರ್ತಿ ಒಗ್ಗಿಕೊಂಡಿದೆ ಎಂದರ್ಥ. ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಬಂದಿದ್ದವರು, ಕಾಮಾಲೆ ಇರುವವರು, ಹೊಟ್ಟೆಯಲ್ಲಿ ನೀರು ತುಂಬಿಕೊಂಡವರು, ಹೃದ್ರೋಗಿಗಳು, ವಯಸ್ಸಾದವರು, ಸಾಯುವ ಮಾತಾಡುತ್ತಿರುವವರು ವೈದ್ಯರ ಕಣ್ಗಾವಲಿಲ್ಲದೆ ಒಮ್ಮೆಲೇ ನಿಲ್ಲಿಸಬಾರದು. ಅವರಿಗೆ ಒಳರೋಗಿ ಚಿಕಿತ್ಸೆಯೇ ಬೇಕು, ಅದೂ ವೈದ್ಯರು ರಾತ್ರಿಯಲ್ಲೂ ಇರುವ ಆಸ್ಪತ್ರೆಯಲ್ಲಿ.

ಸುಸ್ತಾಗಿದ್ದಾರೆಂದು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡು ಬರುವ ರೂಢಿ ನಮ್ಮ ಊರಿನಲ್ಲಿ ವ್ಯಾಪಕವಾಗಿದೆ. ಬಹುಕಾಲ ಕುಡಿದು ಊಟ ಬಿಟ್ಟವರಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಪೆಟ್ಟು ಬಿದ್ದು, ನಡಿಗೆಯ ಸಮತೋಲನ ಮತ್ತು ನೆನಪಿನ ಶಕ್ತಿ ಶಾಶ್ವತವಾಗಿ ಕೆಡುವ ಅಪಾಯವಿದೆ. ಡ್ರಿಪ್ ಹಾಕುವವರಿಗೆ ರೋಗಿಯ ಕುಡಿತದ ವಿಷಯವನ್ನು ಮರ್ಯಾದೆಗೆ ಅಂಜಿ ಮುಚ್ಚಿಡಬಾರದೆಂದು ಕೈಮುಗಿದು ಕೇಳುತ್ತೇನೆ.

ನಿಮ್ಹಾನ್ಸ್, ವೈದ್ಯಕೀಯ ಕಾಲೇಜು ಆಸ್ಪತ್ರೆ, ಬಡಾವಣೆಯ ಮನೋವೈದ್ಯರು

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಮತ್ತು ದಾದಿಯರು ಒಂದೇ ತಂಡವಾಗಿ ನೋಡುವುದು ಇದರ ದೊಡ್ಡ ಬಲ. ಕುಡಿತದ ಜೊತೆಗೆ ಖಿನ್ನತೆ, ಬೈಪೋಲಾರ್ ಕಾಯಿಲೆ, ಸಂಶಯದ ಭ್ರಮೆ ಅಥವಾ ಬೇರೆ ಮಾದಕ ವಸ್ತುಗಳ ಬಳಕೆ ಸೇರಿಕೊಂಡಿದ್ದರೆ ಇದಕ್ಕಿಂತ ಉತ್ತಮವಾದ ಜಾಗವನ್ನು ನಾನು ಸೂಚಿಸಲಾರೆ. ಶುಲ್ಕ ಕಡಿಮೆ, ಬಡತನ ರೇಖೆಗಿಂತ ಕೆಳಗಿನವರಿಗೆ ರಿಯಾಯಿತಿ ಉಂಟು, ತುರ್ತು ವಿಭಾಗ ಹಗಲಿರುಳೂ ತೆರೆದಿರುತ್ತದೆ. ತೊಂದರೆಯಿರುವುದು ಜನಸಂದಣಿಯಲ್ಲಿ. ನೋಂದಣಿಯಿಂದ ಔಷಧಾಲಯದವರೆಗೆ ಒಂದು ದಿನ ಪೂರ್ತಿ ಹೋಗುತ್ತದೆಂದು ಲೆಕ್ಕ ಹಾಕಿಕೊಂಡೇ ಬೆಳಿಗ್ಗೆ ಬೇಗ ಹೊರಡಬೇಕು. ಹಾಸಿಗೆ ಅಂದೇ ಸಿಗುವ ಖಾತರಿಯಿಲ್ಲ. ದಾಖಲಾದರೆ ಸಾಮಾನ್ಯವಾಗಿ ಮನೆಯವರೊಬ್ಬರು ಜೊತೆಗಿರಬೇಕಾಗುತ್ತದೆ. ದಿನಗೂಲಿಯ ಕುಟುಂಬಕ್ಕೆ ಇದು ಸಣ್ಣ ಹೊರೆಯಲ್ಲ. ಆದರೂ ಹೀಗೆ ಜೊತೆಗಿದ್ದ ಹೆಂಡತಿಯೋ ಅಣ್ಣನೋ ಅಲ್ಲಿಯ ಮಾತುಕತೆಗಳಿಂದ ಕಲಿತು ಬರುವುದು, ಮನೆಗೆ ಮರಳಿದ ಮೇಲೆ ಮಾತ್ರೆಯಷ್ಟೇ ಕೆಲಸಕ್ಕೆ ಬರುತ್ತದೆ.

ಯಕೃತ್ತು ಕೆಟ್ಟವರಿಗೆ, ಸಕ್ಕರೆ ಹತೋಟಿ ತಪ್ಪಿದವರಿಗೆ, ರಕ್ತವಾಂತಿಯಾದವರಿಗೆ ಲೆಕ್ಕ ಬದಲಾಗುತ್ತದೆ. ಅವರಿಗೆ ವಿಕ್ಟೋರಿಯಾ, ಬೌರಿಂಗ್, ಸೇಂಟ್ ಜಾನ್ಸ್‌ನಂತಹ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹೆಚ್ಚು ಸೂಕ್ತ. ಅಲ್ಲಿ ಮನೋವೈದ್ಯರೂ ಸಾಮಾನ್ಯ ವೈದ್ಯರೂ ಒಂದೇ ಆವರಣದಲ್ಲಿ ಸಿಗುತ್ತಾರೆ. ಮದ್ಯ ನಿಲ್ಲಿಸಿದ ಕೂಡಲೇ ಸಕ್ಕರೆಯ ಮಟ್ಟ ಏರುಪೇರಾಗುವುದರಿಂದ ಇನ್ಸುಲಿನ್ ಅಥವಾ ಮಾತ್ರೆಯ ಪ್ರಮಾಣವನ್ನು ಹೊಸದಾಗಿ ನಿಗದಿ ಮಾಡಬೇಕಾಗಬಹುದು. ಹಿಂಪಡಿತದ, ಅಂದರೆ ಮದ್ಯ ನಿಂತಾಗ ಕಾಣುವ ನಡುಕ, ಫಿಟ್ಸ್‌ಗಳಂತಹ ಲಕ್ಷಣಗಳಿಗೆ ಕೊಡುವ ಔಷಧಗಳಲ್ಲೂ, ಯಕೃತ್ತು ದುರ್ಬಲವಾಗಿರುವವರಿಗೆ ಡಯಾಜೆಪಾಮ್ ಬದಲು ಲೊರಾಜೆಪಾಮ್ ಆರಿಸುವುದು ವೈದ್ಯರ ರೂಢಿ.

ಇನ್ನು ನಿಮ್ಮ ಬಡಾವಣೆಯಲ್ಲೇ ಇರುವ ಮನೋವೈದ್ಯರು. ಹಿಂದೆ ಫಿಟ್ಸ್, ಸನ್ನಿ ಬಂದಿಲ್ಲ, ಕೆಲಸಕ್ಕೆ ಹೋಗುತ್ತಿದ್ದಾರೆ, ಮನೆಯಲ್ಲಿ ಗಮನಿಸಿಕೊಳ್ಳುವ ಒಬ್ಬರಿದ್ದಾರೆ ಎಂದಾದರೆ ಹೊರರೋಗಿಯಾಗಿಯೇ ಚಿಕಿತ್ಸೆ ಪಡೆಯಲು ಸಾಧ್ಯ. ವೈದ್ಯರು ಒಂದು ವಾರ, ಹತ್ತು ದಿನ ಇಳಿಕೆಯ ಪ್ರಮಾಣದಲ್ಲಿ ಮಾತ್ರೆ ಬರೆದು, ಮಧ್ಯೆ ಎರಡು ಮೂರು ಸಲ ಕರೆಸಿ ನೋಡುತ್ತಾರೆ. ಸಂಬಳ ಕಡಿತವಾಗುವುದಿಲ್ಲ, ಅಕ್ಕಪಕ್ಕದವರಿಗೆ ಸುದ್ದಿಯಾಗುವುದಿಲ್ಲ, ಸಂಜೆ ಏಳಕ್ಕೆ ಕೆಲಸ ಮುಗಿಸಿ ಹೋಗಬಹುದು. ದಾಖಲಾಗಲು ಒಪ್ಪದ ಬಹಳಷ್ಟು ಮಂದಿ ಇದಕ್ಕೆ ಒಪ್ಪುತ್ತಾರೆ ಎಂಬ ಕಾರಣಕ್ಕಾಗಿಯೇ ನಾನು ಈ ದಾರಿಯನ್ನು ಮೇಲೆ ಇಡುತ್ತೇನೆ. ಆದರೆ ನಿದ್ದೆಗೆಂದೋ ನಡುಕಕ್ಕೆಂದೋ ಕೊಟ್ಟ ಆ ಮಾತ್ರೆಗಳನ್ನು ಚೀಟಿಯ ಅವಧಿ ಮುಗಿದ ಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆದರೆ ಅದೇ ಇನ್ನೊಂದು ಚಟವಾಗುತ್ತದೆ. ಆನೇಕಲ್, ನೆಲಮಂಗಲ, ಹೊಸಕೋಟೆ ಕಡೆಯವರು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ನಡೆಯುವ ಮನೋಚೈತನ್ಯ ಚಿಕಿತ್ಸಾಲಯದ ಬಗ್ಗೆ ವಿಚಾರಿಸಿದರೆ ನಗರದೊಳಗೆ ಬರುವ ಖರ್ಚು ಉಳಿಯಬಹುದು.

ಪುನರ್ವಸತಿ ಕೇಂದ್ರಕ್ಕೆ ಸೇರಿಸುವ ಮುನ್ನ

ಒಂದರಿಂದ ಮೂರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ಇರಿಸಿಕೊಳ್ಳುವ ಖಾಸಗಿ ಕೇಂದ್ರಗಳು ನಗರದ ಹೊರವಲಯದಲ್ಲಿ ಬಹಳ ಇವೆ. ಪದೇ ಪದೇ ಚಿಕಿತ್ಸೆ ಪಡೆದೂ ವಾರದೊಳಗೆ ಕುಡಿತಕ್ಕೆ ಮರಳುವವರಿಗೆ, ಮನೆಯ ವಾತಾವರಣವೇ ಕುಡಿತಕ್ಕೆ ದೂಡುವಂತಿರುವವರಿಗೆ, ಇರಲು ನೆಲೆಯೇ ಇಲ್ಲದವರಿಗೆ ಇಂತಹ ದೀರ್ಘ ವಾಸದಿಂದ ಪ್ರಯೋಜನವಾಗುತ್ತದೆ. ನಿಯಮಿತ ಊಟ, ನಿದ್ದೆ, ದಿನಚರಿ, ಗುಂಪು ಚರ್ಚೆಗಳು ಕೆಟ್ಟುಹೋಗಿದ್ದ ಬದುಕಿಗೆ ಒಂದು ಶಿಸ್ತು ತರುತ್ತವೆ. ಒಳ್ಳೆಯ ಕೇಂದ್ರಗಳನ್ನು ನಡೆಸುವವರ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಅದೇ ಹೆಸರಿನಲ್ಲಿ ಮನುಷ್ಯರನ್ನು ಕೂಡಿಹಾಕುವ ಜಾಗಗಳೂ ಇರುವುದರಿಂದ ಈ ಆಯ್ಕೆಯ ವಿಚಾರದಲ್ಲಿ ಹೆಚ್ಚು ಎಚ್ಚರ ಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ಸೇವನೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಆದ್ದರಿಂದ ಇಂತಹವರನ್ನು ದಾಖಲಿಸಿಕೊಂಡು ಚಿಕಿತ್ಸೆ ನೀಡುವ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಪತ್ರವನ್ನು ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ತಾನಾಗಿ ಒಪ್ಪಿ ದಾಖಲಾದವರಿಗೆ ಬಿಡುಗಡೆ ಕೇಳುವ ಹಕ್ಕಿದೆ. ಒಪ್ಪದವರನ್ನು ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿಲ್ಲಲು ಕಾಯ್ದೆಯಂತೆ ಗುರುತಿಸಲಾದ ವ್ಯಕ್ತಿಯ) ಅರ್ಜಿಯ ಮೇಲೆ ದಾಖಲಿಸಬೇಕಾದರೆ, ಕಾಯ್ದೆಯ 89ನೇ ಕಲಮಿನ ಪ್ರಕಾರ ಒಬ್ಬ ಮನೋವೈದ್ಯರೂ ಸೇರಿದಂತೆ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿ, ತನಗೋ ಇತರರಿಗೋ ಹಾನಿಯ ಸಂಭವದಂತಹ ಗಂಭೀರ ಕಾರಣಗಳನ್ನು ದೃಢಪಡಿಸಬೇಕು. ಅದರ ಮೊದಲ ಮಿತಿ 30 ದಿನ. ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಕಟ್ಟುವುದನ್ನು 95ನೇ ಕಲಮು ನಿಷೇಧಿಸಿದೆ. ‘ಗಾಡಿ ಕಳಿಸುತ್ತೇವೆ, ರಾತ್ರಿ ಮಲಗಿದ್ದಾಗ ನಾಲ್ವರು ಬಂದು ಎತ್ತಿಕೊಂಡು ಹೋಗುತ್ತಾರೆ, ನೀವು ಆರು ತಿಂಗಳು ನಿಶ್ಚಿಂತೆಯಿಂದಿರಿ’ ಎಂದು ಫೋನಿನಲ್ಲೇ ಒಪ್ಪಂದಕ್ಕಿಳಿಯುವ ಕೇಂದ್ರವನ್ನು ಅಲ್ಲಿಗೇ ಬಿಟ್ಟುಬಿಡಿ. ಹಾಗೆ ಎಳೆದೊಯ್ಯಲ್ಪಟ್ಟವರು ಹೊರಬಂದ ಮೇಲೆ ಮನೆಯವರ ಮೇಲಿನ ನಂಬಿಕೆಯನ್ನೇ ಕಳೆದುಕೊಂಡು, ಮುಂದೆ ಯಾವ ವೈದ್ಯರ ಬಳಿಗೂ ಬರಲು ಒಪ್ಪದಂತಾಗುತ್ತಾರೆ.

ಹಣ ಕಟ್ಟುವ ಮೊದಲು ಒಮ್ಮೆ ಹೋಗಿ ನೋಡಿ. ಕಚೇರಿಯ ಕೋಣೆಯಲ್ಲೇ ಕೂರಿಸಿ ಕಳುಹಿಸಿದರೆ ಒಪ್ಪಬೇಡಿ. ಮಲಗುವ ಕೋಣೆ, ಅಡುಗೆಮನೆ, ಶೌಚಾಲಯ ತೋರಿಸಲು ಕೇಳಿ. ಮನೋವೈದ್ಯರು ವಾರದಲ್ಲಿ ಯಾವ ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಸಾಗಿಸುತ್ತಾರೆ, ಮನೆಯವರು ಎಷ್ಟು ದಿನದ ನಂತರ ಫೋನಿನಲ್ಲಿ ಖಾಸಗಿಯಾಗಿ ಮಾತಾಡಬಹುದು ಎಂದು ವಿಚಾರಿಸಿ. ಅಲ್ಲಿರುವವರ ಮುಖ ನೋಡಿದರೆ ಬಹಳಷ್ಟು ಗೊತ್ತಾಗುತ್ತದೆ: ಸಂದರ್ಶಕರು ಬಂದಾಗ ಮಾತು ನಿಲ್ಲಿಸಿ ಗೋಡೆಗೆ ಸರಿದು ನಿಲ್ಲುವವರು ಅಲ್ಲಿ ಹೆಚ್ಚಿದ್ದರೆ ಆ ಜಾಗದಲ್ಲಿ ಭಯವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಿಡುಗಡೆಯ ನಂತರ ಏನು ಎಂದು ಕೇಳಿ. ಮೂರು ತಿಂಗಳು ಮದ್ಯದ ವಾಸನೆಯೂ ಇಲ್ಲದ ಕಡೆ ಇದ್ದು ಬಂದವರ ನಿಜವಾದ ಪರೀಕ್ಷೆ ಮನೆಯ ತಿರುವಿನ ಬಾರಿನ ಮುಂದೆ ಶುರುವಾಗುತ್ತದೆ. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಮರುಭೇಟಿಯ ವ್ಯವಸ್ಥೆಯಿಲ್ಲದ ಕೇಂದ್ರಕ್ಕೆ ಕಟ್ಟುವ ಹಣ ಬಹುಮಟ್ಟಿಗೆ ವ್ಯರ್ಥ ಎನ್ನಲು ನಾನು ಹಿಂಜರಿಯುವುದಿಲ್ಲ.

ಖರ್ಚಿನ ವಿಷಯದಲ್ಲಿ ಒಂದು ಮಾತು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು ಅದೇ ಕಾಯ್ದೆಯ 21ನೇ ಕಲಮು ಹೇಳಿದರೂ, ಮದ್ಯವ್ಯಸನದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಹಲವು ಪಾಲಿಸಿಗಳಲ್ಲಿ ಇದೆ. ವಿಮೆಯನ್ನು ನಂಬಿ ದಾಖಲಿಸುವ ಮೊದಲು ಆ ಪುಟವನ್ನು ಓದಿ.

ಶಿಬಿರ ಮತ್ತು ಸಭೆ

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ, ಸುಮಾರು ಒಂದು ವಾರದ ಮದ್ಯವರ್ಜನ ಶಿಬಿರಗಳು ಹಳ್ಳಿ, ಪಟ್ಟಣಗಳ ಅನೇಕ ಕುಟುಂಬಗಳನ್ನು ತಲುಪಿವೆ. ಊರಿನ ಹಿರಿಯರ ಮುಂದೆ ಸಂಕಲ್ಪ ಮಾಡುವುದು, ಹೆಂಡತಿ ಮಕ್ಕಳನ್ನು ಒಳಗೊಳ್ಳುವುದು, ಶಿಬಿರದ ನಂತರ ನವಜೀವನ ಸಮಿತಿಗಳ ಮೂಲಕ ಸಂಪರ್ಕ ಉಳಿಸಿಕೊಳ್ಳುವುದು ಇವುಗಳ ಶಕ್ತಿ. ನಗರದಲ್ಲಿ ದುಡಿಯುತ್ತಿದ್ದರೂ ಊರಿನ ನಂಟು ಗಟ್ಟಿಯಾಗಿರುವವರಿಗೆ ಇದು ಹೊಂದುತ್ತದೆ. ಆದರೆ ಮೊದಲ ಭಾಗದಲ್ಲಿ ಹೇಳಿದ ಅಪಾಯದ ಲಕ್ಷಣಗಳಿರುವವರು ಮೊದಲು ಆಸ್ಪತ್ರೆಯಲ್ಲಿ ಹಿಂಪಡಿತದ ಹಂತವನ್ನು ದಾಟಿ, ಆಮೇಲೆ ಶಿಬಿರ ಸೇರುವುದು ಕ್ಷೇಮ.

ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದಲ್ಲಿ ಶುರುವಾದ, ಕುಡಿತ ಬಿಡಬಯಸುವವರ ಬಳಗ. ಬೆಂಗಳೂರಿನ ಬೇರೆ ಬೇರೆ ಭಾಗಗಳಲ್ಲಿ ಇದರ ಸಭೆಗಳು ನಡೆಯುತ್ತವೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಆರನೆಯ ತಿಂಗಳಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗೆ ಇದರಷ್ಟು ನೇರವಾದ ಉತ್ತರ ಇನ್ನೊಂದಿಲ್ಲ, ಏಕೆಂದರೆ ಹತ್ತು ವರ್ಷದ ಹಿಂದೆ ಬಿಟ್ಟವರು ಕೂಡ ಅಲ್ಲಿ ಬಂದು ಕೂತಿರುತ್ತಾರೆ, ರಾತ್ರಿ ಹತ್ತಕ್ಕೆ ಬಾಯಿ ಒಣಗಿದಾಗ ಅವರಿಗೆ ಫೋನ್ ಮಾಡಬಹುದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ, 2020ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯು, ಈ ಸಭೆಗಳಿಗೆ ವ್ಯವಸ್ಥಿತವಾಗಿ ಜೋಡಿಸುವ ಚಿಕಿತ್ಸೆ ಮದ್ಯದಿಂದ ಸತತವಾಗಿ ದೂರವಿರಿಸುವಲ್ಲಿ ಇತರ ಮಾನಸಿಕ ಚಿಕಿತ್ಸೆಗಳಿಗೆ ಸಮನಾಗಿದೆ ಅಥವಾ ಮಿಗಿಲಾಗಿದೆ ಎಂದು ಕಂಡುಕೊಂಡಿತು. ದೈವಶಕ್ತಿಗೆ ಶರಣಾಗುವ ಮಾತುಗಳು ಕೆಲವರಿಗೆ ಒಗ್ಗುವುದಿಲ್ಲ. ಮೊದಲ ಸಭೆ ಹಿಡಿಸದಿದ್ದರೆ ಬೇರೆ ಗುಂಪಿಗೆ ಹೋಗಿ ನೋಡಬೇಕು. ಯಾರಾದರೂ ಸದಸ್ಯರು ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡಲು ಹೇಳಿದರೆ ಕೇಳಬೇಡಿ; ಸದಸ್ಯರು ವೈದ್ಯರಂತೆ ಸಲಹೆ ನೀಡಬಾರದೆಂದು ಆ ಸಂಸ್ಥೆಯೇ ಹೇಳುತ್ತದೆ. ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಸಭೆಗಳಿವೆ. ರೋಗಿ ಚಿಕಿತ್ಸೆಗೆ ಒಪ್ಪದಿದ್ದಾಗಲೂ ಹೆಂಡತಿಯೋ ತಾಯಿಯೋ ಅಲ್ಲಿಗೆ ಹೋಗಬಹುದು, ಹೋಗಬೇಕು.

ಮಾತ್ರೆಗಳಲ್ಲಿ ಯಾವುದು ಯಾರಿಗೆ

ಮೇಲಿನ ಯಾವ ದಾರಿ ಹಿಡಿದರೂ, ಕುಡಿತ ನಿಂತ ಮೇಲೆ ಅದಕ್ಕೆ ಮರಳದಂತೆ ನೆರವಾಗುವ ಔಷಧಗಳ ಬಗ್ಗೆ ವೈದ್ಯರೊಡನೆ ಚರ್ಚಿಸಬೇಕು. ಡೈಸಲ್ಫಿರಾಮ್ ಹಳೆಯದು, ಅಗ್ಗವಾದದ್ದು. ಇದನ್ನು ನುಂಗಿದವರು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಅಪರೂಪಕ್ಕೆ ಸಾವೂ ಸಂಭವಿಸಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರಗಳವರೆಗೂ ಈ ಪರಿಣಾಮ ಇರಬಹುದು. ಹೃದ್ರೋಗ, ಯಕೃತ್ತಿನ ತೀವ್ರ ಕಾಯಿಲೆ ಇರುವವರಿಗೆ ಇದು ಬೇಡ. ಗಂಡ ತಿಳಿದೂ ಒಪ್ಪಿಯೂ, ಪ್ರತಿದಿನ ಬೆಳಿಗ್ಗೆ ಹೆಂಡತಿಯ ಎದುರು ನುಂಗುವ ಮನೆಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ: ‘ಇವತ್ತಿನ ಮಟ್ಟಿಗೆ ಕುಡಿಯುವುದಿಲ್ಲ’ ಎಂಬ ತೀರ್ಮಾನ ತಿಂಡಿಗೆ ಮೊದಲೇ ಮುಗಿದಿರುತ್ತದೆ, ದಿನವಿಡೀ ಸಂಶಯಪಡುವ ಕಷ್ಟ ಇಬ್ಬರಿಗೂ ತಪ್ಪುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು: ದ್ರಾಕ್ಷಾರಿಷ್ಟ, ಅಶೋಕಾರಿಷ್ಟದಂತಹ ಆಯುರ್ವೇದದ ಆಸವ, ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ಹುಟ್ಟಿದ ಮದ್ಯಸಾರವಿರುತ್ತದೆ, ಕೆಲವು ಕೆಮ್ಮಿನ ಸಿರಪ್ಪುಗಳಲ್ಲೂ ಇರುತ್ತದೆ.

ನಾಲ್ಟ್ರೆಕ್ಸೋನ್ ಕುಡಿತದ ಖುಷಿಯನ್ನು ಮಂಕಾಗಿಸಿ ಆಸೆಯನ್ನು ತಗ್ಗಿಸುತ್ತದೆ. ಪೂರ್ತಿ ಬಿಡಲು ಇನ್ನೂ ಮನಸ್ಸು ಮಾಡದ, ಕಡಿಮೆ ಮಾಡುತ್ತೇನೆ ಎನ್ನುವವರಿಗೂ ಇದನ್ನು ಶುರು ಮಾಡಬಹುದು. ಟ್ರಮಡಾಲ್‌ನಂತಹ ಅಫೀಮು ಜಾತಿಯ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಇದನ್ನು ಕೊಡಬಾರದು. ಅಕಾಂಪ್ರೊಸೇಟ್ ಯಕೃತ್ತಿಗೆ ಹೊರೆಯಾಗದು, ಆದರೆ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತವರಲ್ಲಿ ಪ್ರಮಾಣ ಇಳಿಸಬೇಕು ಅಥವಾ ಕೈಬಿಡಬೇಕು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆರಡರಂತೆ ನುಂಗಬೇಕಾದ್ದರಿಂದ ಡ್ರೈವರ್, ಡೆಲಿವರಿ ಕೆಲಸದವರಿಗೆ ಇದು ತಪ್ಪಿಹೋಗುವುದೇ ಹೆಚ್ಚು. ಸಿರೋಸಿಸ್, ಅಂದರೆ ಯಕೃತ್ತು ಗಾಯದ ಕಲೆಗಳಿಂದ ಗಟ್ಟಿಯಾಗುವ ಕಾಯಿಲೆ, ಆದವರಿಗೆ ಬ್ಯಾಕ್ಲೋಫೆನ್ ಕೊಡುವುದುಂಟು.

ರೋಗಿಗೆ ಗೊತ್ತಿಲ್ಲದಂತೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿ ಕೊಡುವ ಪುಡಿಗಳ ಜಾಹೀರಾತನ್ನು ನಂಬಬೇಡಿ. ಒಳಗೆ ಏನಿದೆ ಎಂದು ಹೇಳದ ಆ ಪೊಟ್ಟಣದಲ್ಲಿ ಡೈಸಲ್ಫಿರಾಮ್ ಬೆರೆತಿದ್ದರೆ, ಅದನ್ನರಿಯದೆ ಸಂಜೆ ಕುಡಿದವರ ಗತಿ ಏನಾಗುತ್ತದೆ ಎಂಬುದನ್ನು ಮೇಲೆಯೇ ಹೇಳಿದ್ದೇನೆ.

ಕುಡಿಯುವವರು ಹೆಣ್ಣುಮಕ್ಕಳಾಗಿದ್ದರೆ ಆಯ್ಕೆ ಕಿರಿದಾಗುತ್ತದೆ. ಬಹಳಷ್ಟು ಕೇಂದ್ರಗಳು ಗಂಡಸರಿಗಾಗಿಯೇ ಇವೆ. ಮಹಿಳಾ ಸಿಬ್ಬಂದಿ ಮತ್ತು ಪ್ರತ್ಯೇಕ ವಾರ್ಡ್ ಇಲ್ಲದ ಜಾಗವನ್ನು ಪಟ್ಟಿಯಿಂದಲೇ ತೆಗೆದುಹಾಕಿ, ಹೊರರೋಗಿ ಚಿಕಿತ್ಸೆ ಅಥವಾ ದೊಡ್ಡ ಆಸ್ಪತ್ರೆಯ ಮನೋವೈದ್ಯ ವಿಭಾಗವನ್ನು ನೋಡುವುದು ಉತ್ತಮ. ಗರ್ಭಿಣಿಯಾಗಿದ್ದರೆ ಮೊದಲ ಫೋನ್ ಕರೆಯಲ್ಲೇ ಅದನ್ನು ತಿಳಿಸಬೇಕು.

ಚಿಕಿತ್ಸೆಯ ನಡುವೆ ಮತ್ತೆ ಕುಡಿದರೆ ಅದನ್ನು ಮುಚ್ಚಿಟ್ಟು ಹೊಸ ಜಾಗ ಹುಡುಕುವ ಬದಲು, ಅದೇ ವಾರ ಅದೇ ವೈದ್ಯರ ಬಳಿಗೆ ಹೋಗುವುದು ಸರಿಯಾದ ಕ್ರಮ. ಯಾವ ದಿನ, ಯಾರ ಜೊತೆ, ಏನಾದ ಮೇಲೆ ಕುಡಿದರು ಎಂಬ ವಿವರದಿಂದಲೇ ಮುಂದಿನ ಚಿಕಿತ್ಸೆ ರೂಪುಗೊಳ್ಳುತ್ತದೆ. ಎಲ್ಲಿಗೆ ಹೋಗುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ, 14416 ಸಂಖ್ಯೆಯ ಟೆಲಿ ಮಾನಸ್‌ಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ 14446 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಮೊದಲ ಭೇಟಿಗೆ ಹೋಗುವಾಗ ಹಳೆಯ ಡಿಸ್ಚಾರ್ಜ್ ಚೀಟಿಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳು, ಇತ್ತೀಚಿನ ರಕ್ತಪರೀಕ್ಷೆಯ ವರದಿ, ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ. ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದು ಅದನ್ನೇ.